ಜೋಳದ ತೆನೆಯಲ್ಲಿ ಕರಿ ಪುಡಿ: ಇದು ವಿಷವೇ? ಹೈಬ್ರಿಡ್ ಬೀಜದಿಂದ ಬಂದ ರೋಗವೇ? ‘ಕಾಡಿಗೆ’ಯ ಸತ್ಯಾಂಶ

ರೋಣ, ನರಗುಂದ, ಗಜೇಂದ್ರಗಡ ಭಾಗದ ಎರಿ ಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಕಟ್ಟುವಾಗ ಕೆಲವು ತೆನೆಗಳಲ್ಲಿ ಕಾಳಿನ ಬದಲು ಕರಿ ಪುಡಿ ಕಾಣಿಸುತ್ತದೆ. ಇಂಥ ಫೋಟೊ ಜೊತೆ ‘ಈ ಜೋಳದ ರೊಟ್ಟಿ ವಿಷ’, ‘ಹೈಬ್ರಿಡ್ ಬೀಜದಿಂದ ಬಂದ ಹೊಸ ರೋಗ’, ‘ಕೂಡಲೇ ಔಷಧ ಹೊಡೆಯಿರಿ’ ಎಂಬ ಮಾತು ಸೇರಿದರೆ ಸಂದೇಶ ಬೇಗ ಹರಡುತ್ತದೆ. ಇವುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಏನಿದು ಕಾಡಿಗೆ?

ಇದು ಶಿಲೀಂಧ್ರದಿಂದ ಬರುವ ರೋಗ. ದೀಪದ ಕಾಡಿಗೆಯಂತೆ ಕೈಗೆ ಅಂಟುವುದರಿಂದ ಈ ಹೆಸರು. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜಕಣ, ಅಂದರೆ ಸ್ಪೋರ್. ಅಣಬೆಗಳು ಸೇರುವ ಬೆಸಿಡಿಯೋಮೈಕೋಟಾ ಎಂಬ ದೊಡ್ಡ ವಿಭಾಗಕ್ಕೇ ಕಾಡಿಗೆ ಶಿಲೀಂಧ್ರಗಳೂ ಸೇರುತ್ತವೆ. ಜಗತ್ತಿನಲ್ಲಿ ಇವುಗಳ ಸುಮಾರು 1,500 ಪ್ರಭೇದಗಳಿವೆ. ಹೆಚ್ಚಿನವು ಹುಲ್ಲಿನ ಜಾತಿಯ ಗಿಡಗಳ ಮೇಲೆ ಬದುಕುತ್ತವೆ. ಜೋಳ, ಗೋಧಿ, ಸಜ್ಜೆ, ಕಬ್ಬು, ಗೋವಿನಜೋಳ ಎಲ್ಲವೂ ಹುಲ್ಲಿನ ಕುಟುಂಬದವೇ.

ಕರಿ ಪುಡಿ ಕಂಡ ಮಾತ್ರಕ್ಕೆ ಎಲ್ಲವೂ ಒಂದೇ ವಂಶದವಲ್ಲ. ಭತ್ತದಲ್ಲಿ ಬರುವ ಹುಸಿ ಕಾಡಿಗೆ ಬೇರೆಯೇ ವಿಭಾಗದ ಶಿಲೀಂಧ್ರ. ಇನ್ನೊಂದೆಡೆ, ತಲೆಹೊಟ್ಟಿಗೆ ಸಂಬಂಧಿಸಿದ ಮಲಸೇಜಿಯಾ ಎಂಬ ಶಿಲೀಂಧ್ರ ಜೋಳದ ಕಾಡಿಗೆಯ ದೂರದ ನೆಂಟ! ಹಾಗಂತ ಜೋಳದ ಕಾಡಿಗೆ ಮನುಷ್ಯರ ತಲೆಗೆ ಬರುವುದಿಲ್ಲ. ಪ್ರತಿ ಪ್ರಭೇದಕ್ಕೂ ತನ್ನದೇ ಆಸರೆ ಬೇಕು. ಜೋಳದ ಕಾಡಿಗೆ ಪಕ್ಕದ ಕಡಲೆ ಹೊಲಕ್ಕೂ ಹಬ್ಬುವುದಿಲ್ಲ.

ಜೋಳದಲ್ಲೇ ನಾಲ್ಕು ಬಗೆ

• ಕಾಳು ಕಾಡಿಗೆ: ಕಾಳಿನ ಜಾಗದಲ್ಲಿ ಬೂದು ಬಣ್ಣದ ಚಿಕ್ಕ ಚೀಲ. ಒಳಗೆ ಕರಿ ಪುಡಿ.
• ಬಿಡಿ ಕಾಡಿಗೆ: ಗಿಡ ಗಿಡ್ಡವಾಗುತ್ತದೆ, ತೆನೆ ಬೇಗ ಬರುತ್ತದೆ, ಚೀಲ ಹೊಲದಲ್ಲೇ ಒಡೆಯುತ್ತದೆ.
• ಉದ್ದ ಕಾಡಿಗೆ: ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಉದ್ದನೆಯ, ಬಾಗಿದ ಚೀಲ.
• ತೆನೆ ಕಾಡಿಗೆ: ಇಡೀ ತೆನೆಯೇ ಒಂದು ದೊಡ್ಡ ಚೀಲವಾಗುತ್ತದೆ.

ಹೇಳಿಕೆ 1: ಹೈಬ್ರಿಡ್ ಬೀಜದಿಂದ ಬಂದ ಹೊಸ ರೋಗ

ಸುಳ್ಳು. ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಧಾರವಾಡ ಸೀಮೆ ಸೇರಿದ್ದ ಮುಂಬೈ ಪ್ರಾಂತ್ಯದ ಜೋಳದ ಕಾಡಿಗೆಗಳ ಬಗ್ಗೆ ಜಿ.ಎಸ್. ಕುಲಕರ್ಣಿ ಅವರು 1918ರಲ್ಲೇ ಬರೆದಿದ್ದರು. ದೇಶದ ಕಾಡಿಗೆ ಶಿಲೀಂಧ್ರಗಳನ್ನು ಪಟ್ಟಿ ಮಾಡಿದ ಮುಂಡ್ಕೂರ್ ಮತ್ತು ತಿರುಮಲಾಚಾರ್ ಅವರ ಪುಸ್ತಕ ಬಂದದ್ದು 1952ರಲ್ಲಿ. ರೋಗ ಹೈಬ್ರಿಡ್‌ಗಿಂತ ಹಳೆಯದು.

ಹೇಳಿಕೆ 2: ತೆನೆ ಕಪ್ಪಾದ ಕೂಡಲೇ ಔಷಧ ಹೊಡೆದರೆ ಸರಿಹೋಗುತ್ತದೆ

ಇದೂ ತಪ್ಪು. ದುಡ್ಡು ಹಾಳಾಗುವುದು ಇಲ್ಲೇ. ಕಾಳು ಕಾಡಿಗೆಯ ಚೀಲಗಳು ರಾಶಿ ಮಾಡುವಾಗ ಒಡೆದು, ಪುಡಿ ಒಳ್ಳೆಯ ಕಾಳಿಗೆ ಅಂಟುತ್ತದೆ. ಅದೇ ಕಾಳನ್ನು ಮುಂದಿನ ವರ್ಷ ಬಿತ್ತಿದಾಗ ಮೊಳಕೆಯ ಜೊತೆ ಶಿಲೀಂಧ್ರವೂ ಮೊಳೆತು ಸಸಿಯೊಳಗೆ ಸೇರುತ್ತದೆ. ತೆನೆ ಬರುವವರೆಗೆ ಗಿಡ ಆರೋಗ್ಯವಾಗಿಯೇ ಕಾಣುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ಕಾಲ ಮೀರಿರುತ್ತದೆ.

ಪರಿಹಾರ ಬಿತ್ತುವ ಮೊದಲೇ ಇದೆ, ಅದೂ ಅಗ್ಗದ್ದು: ಕಿಲೋ ಬೀಜಕ್ಕೆ 3ರಿಂದ 4 ಗ್ರಾಂ ನುಣುಪಾದ ಗಂಧಕದ ಪುಡಿ ಬೆರೆಸಿ ಬೀಜೋಪಚಾರ ಮಾಡುವುದು. ಕಾಳು ಕಾಡಿಗೆ ಮತ್ತು ಬಿಡಿ ಕಾಡಿಗೆ ಇದರಿಂದ ಹತೋಟಿಗೆ ಬರುತ್ತವೆ. ತೆನೆ ಕಾಡಿಗೆಯ ಬೀಜಕಣ ಮಣ್ಣಿನಲ್ಲಿ ಹಲವು ವರ್ಷ ಉಳಿಯುವುದರಿಂದ ಅದಕ್ಕೆ ಬೀಜೋಪಚಾರವೊಂದೇ ಸಾಲದು. ರೋಗದ ತೆನೆಯನ್ನು ಒಡೆಯುವ ಮೊದಲೇ ಚೀಲದೊಳಗೆ ಹಾಕಿ ಕತ್ತರಿಸಿ ಸುಡಬೇಕು, ಕಡಲೆಯಂಥ ಬೆಳೆ ಬದಲಿಸಬೇಕು. ಉದ್ದ ಕಾಡಿಗೆ ಹೂವಿನ ಹಂತದಲ್ಲಿ ಗಾಳಿಯಿಂದ ಬರುತ್ತದೆ, ಅದಕ್ಕೂ ಬೀಜೋಪಚಾರ ತಡೆಯಲ್ಲ. ಯಾವ ಬಗೆ ಎಂದು ಗೊತ್ತಾಗದಿದ್ದರೆ ತೆನೆಯ ಸಮೇತ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ.

ಹೇಳಿಕೆ 3: ಈ ಜೋಳದ ರೊಟ್ಟಿ ತಿಂದರೆ ವಿಷ

ಜೋಳದ ಕಾಡಿಗೆಯನ್ನು ತೀವ್ರ ವಿಷದ ಶಿಲೀಂಧ್ರಗಳ ಸಾಲಿಗೆ ಸೇರಿಸುವುದಿಲ್ಲ. ಗೋವಿನಜೋಳದ ಕಾಡಿಗೆಯನ್ನು ಮೆಕ್ಸಿಕೋದಲ್ಲಿ ಪಲ್ಯ ಮಾಡಿ ತಿನ್ನುತ್ತಾರೆ. ಹಾಗೆಂದು ಕಾಡಿಗೆ ಹತ್ತಿದ ಕಾಳನ್ನು ತಿನ್ನಿ ಎಂದು ನಾವು ಹೇಳುತ್ತಿಲ್ಲ. ಹಿಟ್ಟು ಕಪ್ಪಾಗುತ್ತದೆ, ರುಚಿ ಕೆಡುತ್ತದೆ. ರಾಶಿಯ ಧೂಳು ಅಲರ್ಜಿ, ಅಸ್ತಮಾ ಇರುವವರಿಗೆ ತೊಂದರೆ ಕೊಡಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಜವಾಗಿ ಹೆದರಬೇಕಾದದ್ದು ಬೇರೆ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳ, ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿತು. ಕಾರಣ ಫ್ಯುಮೊನಿಸಿನ್ ಎಂಬ ವಿಷ. ಅದು ಬರುವುದು ಕಾಡಿಗೆಯಿಂದಲ್ಲ, ಫ್ಯುಸೇರಿಯಂ ಎಂಬ ಬೂಷ್ಟಿನಿಂದ. ಸಜ್ಜೆ ತೆನೆಯಲ್ಲಿ ಜೇನಿನಂಥ ಅಂಟು ಸುರಿಸುವ ಎರ್ಗಾಟ್ ಕೂಡ ವಿಷವೇ. ತೊಳೆದರೆ, ಬೇಯಿಸಿದರೆ ಇಂಥ ವಿಷ ಪೂರ್ತಿ ಹೋಗುವುದಿಲ್ಲ.

ಕೊನೆಯ ಮಾತು

ಕಾಡಿಗೆಯ ಕರಿ ಪುಡಿ ವಿಷವಲ್ಲ, ಆದರೆ ಇಳುವರಿಯನ್ನು ತಿನ್ನುತ್ತದೆ. ರೋಗ ಕಂಡ ಹೊಲದ ಕಾಳನ್ನು ಬೀಜಕ್ಕೆ ಇಡಬೇಡಿ. ಬೀಜೋಪಚಾರ ಮಾಡಿ ಉಳಿದ ಕಾಳನ್ನು ಯಾವ ಕಾರಣಕ್ಕೂ ಬೀಸಿಸಬೇಡಿ, ದನಕ್ಕೂ ಹಾಕಬೇಡಿ. ಕರಿ ತೆನೆಯ ಫೋಟೊ ಮತ್ತೆ ಗ್ರೂಪಿಗೆ ಬಂದರೆ, ಹೆದರಿಸುವ ಸಾಲುಗಳ ಬದಲು ಗಂಧಕದ ಲೆಕ್ಕವನ್ನು ಫಾರ್ವರ್ಡ್ ಮಾಡಿ.