ಏರುಪೇರಿನ ಅಳತೆ: ಕೈ-ವರ್ಗ ನಡೆದು ಬಂದ ದಾರಿ

ಹುಲಗೂರು, ಶಿಗ್ಗಾಂವಿ ಸೀಮೆಯ ಗೋವಿನಜೋಳದ ರೈತರಿಗೆ ಬೆಳೆವಿಮೆ ಬರುವುದೂ ತಪ್ಪುವುದೂ ಬೆಳೆ ಕಟಾವು ಪ್ರಯೋಗದ ಮೇಲೆ ನಿಂತಿದೆ. 2016ರ ಫಸಲ್ ಬಿಮಾ ಮಾರ್ಗಸೂಚಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಗೆ ಕನಿಷ್ಠ 4 ಪ್ರಯೋಗ ಸಾಕೆಂದಿತು. ಹೊಲದಲ್ಲಿ ಚೌಕ ಗುರುತಿಸಿ, ಅದರೊಳಗಿನ ಬೆಳೆ ಕೊಯ್ದು ತೂಗುತ್ತಾರೆ. ನಾಲ್ಕರ ಸರಾಸರಿಯ ಬಗ್ಗೆ ಜಗಳವೇ ನಡೆಯುತ್ತದೆ. ನಾಲ್ಕು ತೂಕಗಳ ನಡುವಿನ ಏರುಪೇರನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಮಾತಿಗೇ ಬರುವುದಿಲ್ಲ. ನನ್ನ ತಕರಾರು ಅಲ್ಲಿದೆ, ಯಾಕೆಂದರೆ ಉತ್ತರ ಕಂಡುಕೊಂಡು ಎಷ್ಟೋ ಕಾಲವಾಗಿದೆ.

ಭೂಮಾಪನದ ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದ ಜರ್ಮನಿಯ ಹೆಲ್ಮರ್ಟ್ 1876ರ ಹೊತ್ತಿಗೆ ಆ ಉತ್ತರವನ್ನು ಸಾಧಿಸಿದ್ದ. ಅಳತೆಗಳು ಗಂಟೆಯಾಕಾರದ ನಾರ್ಮಲ್ ಹಂಚಿಕೆಯವಾಗಿದ್ದು, ಸರಾಸರಿಯಿಂದ ಪ್ರತಿ ಅಳತೆ ಎಷ್ಟು ದೂರವೋ ಅದರ ವರ್ಗಗಳನ್ನು ಕೂಡಿ, ಏರುಪೇರಿನ ಅಳತೆಯಾದ ನಿಜವಾದ ವೇರಿಯನ್ಸಿನಿಂದ ಭಾಗಿಸಿದರೆ, ಬರುವ ಸಂಖ್ಯೆ ಒಂದು ಗೊತ್ತಾದ ವಕ್ರರೇಖೆಯನ್ನು ಅನುಸರಿಸುತ್ತದೆ. ಕೈ-ವರ್ಗ ಎಂಬ ಹೆಸರು ಬಂದದ್ದು 1900ರಲ್ಲಿ, ಕಾರ್ಲ್ ಪಿಯರ್ಸನ್‌ನಿಂದ. ಡಬ್ಲಿನ್ನಿನ ಗಿನ್ನೆಸ್ ಕಂಪನಿಯ ಗಾಸೆಟ್ 1908ರಲ್ಲಿ ಅದೇ ರೇಖೆಯನ್ನು ಸ್ವತಂತ್ರವಾಗಿ, ಪೂರ್ತಿ ಸಾಧನೆಯಿಲ್ಲದೆ, ಊಹಿಸಿ ಹಿಡಿದ. ಸರಾಸರಿಯನ್ನು ಅದೇ ಅಂಕಿಗಳಿಂದ ತೆಗೆದಾಗ ಎಣಿಕೆಯಲ್ಲಿ ಒಂದನ್ನು ಏಕೆ ಕಳೆಯಬೇಕು ಎಂಬುದನ್ನು ಫಿಷರ್ ಗಟ್ಟಿಮಾಡಿದ. ಕೊನೆಗೆ 1930ರ ದಶಕದಲ್ಲಿ ನೇಮನ್ ವಿಶ್ವಾಸ ವ್ಯಾಪ್ತಿಯ ಸಿದ್ಧಾಂತ ಕೊಟ್ಟ: ಇದೇ ಕ್ರಮವನ್ನು ಮತ್ತೆ ಮತ್ತೆ ಅನುಸರಿಸಿದರೆ ನೂರರಲ್ಲಿ 95 ಸಲ ನಿಜ ಬೆಲೆ ವ್ಯಾಪ್ತಿಯೊಳಗೆ ಸಿಗುತ್ತದೆ.

ನಾಲ್ಕು ಚೌಕಗಳ ತೂಕದ ಮಾನಕ ವಿಚಲನೆ, ಅಂದರೆ ವೇರಿಯನ್ಸಿನ ವರ್ಗಮೂಲ, 2 ಕಿಲೋ ಬಂತೆನ್ನಿ. ವರ್ಗ 4, ಅದನ್ನು ನಾಲ್ಕರಲ್ಲಿ ಒಂದು ಕಳೆದ 3ರಿಂದ ಗುಣಿಸಿದರೆ 12. ಕೈ-ವರ್ಗ ಕೋಷ್ಟಕದ 3ರ ಸಾಲಿನಲ್ಲಿ, ರೇಖೆಯ ಎರಡು ತುದಿಯನ್ನೂ ಸಮನಾಗಿ ಕತ್ತರಿಸಿ ನಡುವಿನ ಶೇ. 95 ಉಳಿಸುವ ಬೆಲೆಗಳು 9.348 ಮತ್ತು 0.216. ಎರಡರಿಂದಲೂ 12ನ್ನು ಭಾಗಿಸಿ ವರ್ಗಮೂಲ ತೆಗೆಯಿರಿ. ನಿಜವಾದ ಮಾನಕ ವಿಚಲನೆಯ ವ್ಯಾಪ್ತಿ 1.1 ಕಿಲೋದಿಂದ ಸುಮಾರು 7.5 ಕಿಲೋವರೆಗೆ! ಕೆಳಗಿನ ಅಂಚು ಹತ್ತಿರ, ಮೇಲಿನದು ಬಲು ದೂರ. ರೇಖೆ ಒಂದು ಕಡೆ ವಾಲಿರುವುದರಿಂದ ಹೀಗೆ.

1999ರಲ್ಲಿ ಬಂದ ರಾಷ್ಟ್ರೀಯ ಕೃಷಿ ವಿಮಾ ಯೋಜನೆ 10 ವರ್ಷದ ಇಳುವರಿಯ ಮಾರ್ಪಿನ ಗುಣಾಂಕ (ಮಾನಕ ವಿಚಲನೆ ಸರಾಸರಿಯ ಶೇಕಡಾ ಎಷ್ಟು ಎಂಬುದು) ನೋಡಿ ಪ್ರದೇಶದ ಅಪಾಯವನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡಿಸುತ್ತಿತ್ತು. ಆ ವಿಂಗಡಣೆಯಂತೆಯೇ ವಿಮೆಯ ಖಾತರಿ ಶೇ. 90, 80 ಅಥವಾ 60. ಮೇಲಿನ ಲೆಕ್ಕವನ್ನೇ ಇಲ್ಲಿ ಹಾಕಿದರೆ, ಗುಣಾಂಕ ಶೇ. 20 ಬಂದಾಗ, ಸರಾಸರಿಯ ಅನಿಶ್ಚಯವನ್ನು ಬಿಟ್ಟರೂ, ನಿಜ ಬೆಲೆ ಶೇ. 14ರಿಂದ 37ರ ನಡುವೆ ಎಲ್ಲಿಯೂ ಇರಬಹುದು. ಅಷ್ಟು ಅಲುಗಾಡುವ ಅಂಕಿಯ ಮೇಲೆ ಒಂದು ತಾಲ್ಲೂಕಿನ ರೈತರ ಖಾತರಿ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ.

ಕೈ-ವರ್ಗ ವಿಧಾನದ ದೌರ್ಬಲ್ಯವೂ ಬೇಗನೆ ಬಯಲಾಯಿತು. ಅಂಕಿಗಳು ನಾರ್ಮಲ್ ಹಂಚಿಕೆ ಬಿಟ್ಟರೆ ವೇರಿಯನ್ಸ್ ಪರೀಕ್ಷೆಗಳು ಎಷ್ಟು ಕೆಡುತ್ತವೆ ಎಂದು 1953ರಲ್ಲಿ ಬಾಕ್ಸ್ ತೋರಿಸಿದ. ಸರಾಸರಿಯ ಲೆಕ್ಕಕ್ಕಿರುವ ಸಹನೆ ಇದಕ್ಕಿಲ್ಲ. ಲೆಕ್ಕ ಕೆಡಲು ಬರ ಬಿದ್ದ ಒಂದು ವರ್ಷವೇ ಸಾಕು. ರೇಖೆಯನ್ನು ಎರಡು ತುದಿಯಲ್ಲೂ ಸಮನಾಗಿ ಕತ್ತರಿಸುವ ಬದಲು ಬೇರೆ ಬಗೆಯಲ್ಲಿ ಕತ್ತರಿಸಿದರೆ ಇನ್ನೂ ಕಿರಿದಾದ ವ್ಯಾಪ್ತಿ ಸಾಧ್ಯ ಎಂದು 1959ರಲ್ಲಿ ಟೇಟ್ ಮತ್ತು ಕ್ಲೆಟ್ ಕೋಷ್ಟಕ ಕೊಟ್ಟರು.

ಮುಂದಿನ ದೊಡ್ಡ ಹೆಜ್ಜೆ ಇಟ್ಟವರು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. 1970ರ ಸುಮಾರಿಗೆ ಅವರು ಮಂಡಿಸಿದ ಮಿಂಕ್ಯೂ ವಿಧಾನ, ನಾರ್ಮಲ್ ಹಂಚಿಕೆಯ ಹಂಗಿಲ್ಲದೆ ಒಟ್ಟು ಏರುಪೇರನ್ನು ಅದರ ಮೂಲಗಳಿಗೆ ಹಂಚಿಕೊಡುತ್ತದೆ. ಹಾವೇರಿ ಜಿಲ್ಲೆಯ ಕಟಾವು ಅಂಕಿಗಳಲ್ಲಿ ಹೊಲಹೊಲದ ಅಂತರ ಎಷ್ಟು, ಊರೂರಿನದೆಷ್ಟು, ವರ್ಷವರ್ಷದ್ದೆಷ್ಟು ಎಂದು ಬೇರೆ ಬೇರೆ ಹೇಳಲು ಅದು ದಾರಿ ಮಾಡುತ್ತದೆ.