ಪಶುಶಸ್ತ್ರವೈದ್ಯದಲ್ಲಿ ಕೃತಕ ಉಸಿರು ಮತ್ತು ಅರಿವಳಿಕೆ

ಪಶುವೈದ್ಯಾಲಯದ ಶಸ್ತ್ರಕ್ರಿಯಾಗೃಹದಲ್ಲಿ ಇಂದು ಎರಡು ಉಪಚಾರಗಳು ಜೊತೆಜೊತೆಯಾಗಿ ನಡೆಯುತ್ತವೆ. ಪ್ರಾಣಿಗೆ ನೋವಿನ ಅರಿವಾಗದಂತೆ ಮಾಡುವುದು ಒಂದು. ಕುಂದಿದ ಅದರ ಉಸಿರನ್ನು ಯಂತ್ರದಿಂದ ನಡೆಸುವುದು ಇನ್ನೊಂದು. ಇವು ಅವಳಿ ವಿದ್ಯೆಗಳೆಂದು ತೋರಿದರೂ ಹುಟ್ಟಿದ್ದು ಬೇರೆಬೇರೆ ಕಾಲದಲ್ಲಿ. ಉಸಿರೂಡುವ ಕೌಶಲವು ಈಥರಿನ ಅರಿವಳಿಕೆಗಿಂತ ಮೂರು ಶತಮಾನ ಹಿರಿದು. ಈ ಅಂತರದ ಬೆಲೆಯನ್ನು ತೆತ್ತವು ಮೂಕಪ್ರಾಣಿಗಳು.

1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಅಂಗರಚನಾಗ್ರಂಥದಲ್ಲಿ ಆಂಡ್ರಿಯಸ್ ವೆಸಾಲಿಯಸನು, ಹಂದಿಯ ಶ್ವಾಸನಾಳವನ್ನು ಸೀಳಿ ಜೊಂಡಿನ ಕೊಳವೆಯನ್ನಿಟ್ಟು ಊದಿದರೆ ಶ್ವಾಸಕೋಶ ಮತ್ತೆ ಉಬ್ಬುವುದೆಂದೂ ಸೊರಗಿದ ಹೃದಯ ಚೇತರಿಸಿಕೊಳ್ಳುವುದೆಂದೂ ಬರೆದನು. 1664ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎದೆ ತೆರೆದ ನಾಯಿಯೊಂದನ್ನು ತಿದಿಯ ಗಾಳಿಯಿಂದ ಒಂದು ಗಂಟೆಗೂ ಮೀರಿ ಬದುಕಿಸಿಟ್ಟನು. ಆದರೆ ಗೆಲುವಿನ ಹಿಗ್ಗು ಅವನಿಗೆ ಉಳಿಯಲಿಲ್ಲ. ಆ ಜೀವದ ಯಾತನೆಯನ್ನು ಕಂಡ ಮೇಲೆ ಇಂಥ ಪರೀಕ್ಷೆಗೆ ಮತ್ತೆ ಮನಸ್ಸಾಗದೆಂದೂ, ಪ್ರಾಣಿಯ ಅರಿವನ್ನು ಮಂಕಾಗಿಸುವ ಉಪಾಯ ದೊರೆತರೆ ಮಾತ್ರ ಈ ಶೋಧನೆ ಘನವಾದುದೆಂದೂ ರಾಬರ್ಟ್ ಬಾಯ್ಲನಿಗೆ ಪತ್ರ ಬರೆದನು. ಉಪಾಯ ದೊರೆಯಲಿಲ್ಲ, 1667ರಲ್ಲಿ ರಾಯಲ್ ಸೊಸೈಟಿಯ ಮುಂದೆ ಪ್ರಯೋಗ ಮತ್ತೆ ನಡೆಯಿತು. ಜೀವವನ್ನು ಕಾಯುವುದು ಶ್ವಾಸಕೋಶದ ಚಲನೆಯಲ್ಲ, ಹೊಸ ಗಾಳಿ, ಎಂಬುದು ಅದರಿಂದ ಸಿದ್ಧವಾಯಿತು.

ತಿದಿಯ ಶಕ್ತಿ ಲೋಕಕ್ಕೆ ಮನದಟ್ಟಾದುದು 1814ರಲ್ಲಿ. ಗಯಾನಾದ ಕಾಡಿನ ಬೇಟೆಗಾರರು ಬಾಣದ ತುದಿಗೆ ಹಚ್ಚುವ ವೂರಾಲಿ, ಎಂದರೆ ಕ್ಯುರಾರೆ ವಿಷವನ್ನು ಚಾರ್ಲ್ಸ್ ವಾಟರ್ಟನ್ ಸಂಗ್ರಹಿಸಿ ತಂದಿದ್ದನು. ಅದನ್ನು ಹೆಣ್ಣುಕತ್ತೆಯೊಂದರ ಹೆಗಲಿಗೆ ಹೊಗಿಸಲಾಗಿ, ಹತ್ತು ನಿಮಿಷಗಳಲ್ಲಿ ಅದು ಸತ್ತಂತೆ ಬಿದ್ದಿತು. ಕೂಡಲೇ ಶ್ವಾಸನಾಳವನ್ನು ಸೀಳಿ ಎರಡು ಗಂಟೆ ತಿದಿಯೊತ್ತಿದರು. ಕತ್ತೆ ತಲೆಯೆತ್ತಿ ನೋಡಿತು. ತಿದಿ ನಿಲ್ಲಿಸಿದೊಡನೆ ಮತ್ತೆ ಕುಸಿಯಿತು. ಇನ್ನೂ ಎರಡು ಗಂಟೆ ಗಾಳಿಯೂಡಿದ ಮೇಲೆ ಎದ್ದು ನಡೆದಾಡಿತು. ವೂರಾಲಿಯಾ ಎಂಬ ಹೆಸರು ಪಡೆದು, ವಾಟರ್ಟನನ ಎಸ್ಟೇಟಿನಲ್ಲಿ 1839ರವರೆಗೆ ಬಾಳಿತು. ವಿಷವು ಕೊಲ್ಲುವುದು ಉಸಿರಾಟದ ಸ್ನಾಯುಗಳನ್ನು ನಿಲ್ಲಿಸಿ. ಆ ಕೆಲಸವನ್ನು ಹೊರಗಿನಿಂದ ಮಾಡಿದರೆ, ವಿಷವಿಳಿಯುವವರೆಗೆ ಜೀವ ನಿಲ್ಲುತ್ತದೆ.

ಕತ್ತೆಯಲ್ಲಿ ಕಳವಳವಾಗಲಿ ನೋವಾಗಲಿ ಕಾಣಲಿಲ್ಲವೆಂದು ವಾಟರ್ಟನ್ ಬರೆದನು. ಕಾಣಲಿಲ್ಲವೆಂಬುದು ನಿಜ, ಇರಲಿಲ್ಲವೆನ್ನಲು ಆಧಾರವೇನು? ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಕಪ್ಪೆಗಳ ಮೇಲೆ ನಡೆಸಿದ ಪ್ರಯೋಗಗಳು ಈ ಶಂಕೆಯನ್ನು ಗಟ್ಟಿಗೊಳಿಸಿದವು. ಕ್ಯುರಾರೆ ನರದ ಆಜ್ಞೆ ಸ್ನಾಯುವಿಗೆ ತಲುಪದಂತೆ ತಡೆಯುತ್ತದೆಯೇ ಹೊರತು ಸಂವೇದನೆಯನ್ನು ಅಳಿಸುವುದಿಲ್ಲ. ಹೆಣದಂತೆ ಬಿದ್ದ ದೇಹದೊಳಗೆ ಅರಿವು ಎಚ್ಚರವಾಗಿಯೇ ಇರಬಲ್ಲದು. ಇಷ್ಟರಲ್ಲಿ, 1846ರಲ್ಲಿ ಬಾಸ್ಟನ್ನಿನಲ್ಲಿ ಈಥರಿನ ಗುಣ ಪ್ರಕಟವಾಗಿ, ಮರುವರ್ಷವೇ ಪಶುವೈದ್ಯರೂ ಅದನ್ನು ಪರೀಕ್ಷಿಸತೊಡಗಿದ್ದರು. ಹುಕ್ ಬಯಸಿದ ಉಪಾಯ ಕೈಗೆ ಬಂದಿತ್ತು. ಆದರೂ ಕ್ಯುರಾರೆಯ ನಿಶ್ಚಲತೆಯನ್ನೇ ಶಾಂತಿಯೆಂದು ಭ್ರಮಿಸುವ ಅಪಾಯ ಉಳಿಯಿತು. ಆದ್ದರಿಂದ ಬ್ರಿಟನ್ನಿನ 1876ರ ಪ್ರಾಣಿಹಿಂಸಾ ಕಾಯಿದೆಯು ಕ್ಯುರಾರೆಯನ್ನು ಅರಿವಳಿಕೆಯೆಂದು ಪರಿಗಣಿಸಕೂಡದೆಂದು ಹೆಸರೆತ್ತಿಯೇ ವಿಧಿಸಿತು.

1942ರಲ್ಲಿ ಮಾಂಟ್ರಿಯಲ್ಲಿನ ಹೆರಾಲ್ಡ್ ಗ್ರಿಫಿತ್, ಅರಿವಳಿಕೆ ಪಡೆದ ಮಾನವರೋಗಿಗೆ ಕ್ಯುರಾರೆಯನ್ನು ಕೊಟ್ಟ ಮೇಲೆ ಸ್ನಾಯು ಸಡಿಲಿಸುವ ಮದ್ದು, ಅರಿವಳಿಕೆ, ಕೃತಕ ಉಸಿರು ಇವು ಕ್ರಮೇಣ ಒಂದು ಕಟ್ಟಿಗೆ ಸೇರಿದವು. ಪಶುವೈದ್ಯಕ್ಕೂ ಇದರ ಫಲ ದೊರೆಯಿತು. ಇದರ ಅಗತ್ಯ ಎದ್ದು ಕಾಣುವುದು ಕುದುರೆಯಲ್ಲಿ. ಐನೂರು ಕಿಲೋ ತೂಗುವ ಪ್ರಾಣಿಯನ್ನು ಅಂಗಾತ ಮಲಗಿಸಿದರೆ ಕರುಳಿನ ಭಾರ ವಪೆಯನ್ನು ಅದುಮಿ ಶ್ವಾಸಕೋಶದ ಕೆಳಭಾಗವನ್ನು ಕುಗ್ಗಿಸುತ್ತದೆ. ಒಂದೊಂದು ಉಸಿರಿಗೆ ಐದು ಲೀಟರಿಗೂ ಹೆಚ್ಚು ಗಾಳಿಯನ್ನು ಒತ್ತಬೇಕು. ಒತ್ತಡ ಮಿತಿಮೀರಿದರೆ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಆದ್ದರಿಂದ ವೈದ್ಯನ ಕಣ್ಣು ಯಂತ್ರದ ಮೇಲೆಷ್ಟೋ ರಕ್ತದೊತ್ತಡದ ಮೇಲೂ ಅಷ್ಟೇ ಇರಬೇಕು.

ಇಂದಿನ ಅನೇಕ ಶ್ವಾಸಯಂತ್ರಗಳ ಪಾರದರ್ಶಕ ಪಾತ್ರೆಯೊಳಗೆ ಏರಿಳಿಯುವುದು ತಿದಿಯೇ. ಯಂತ್ರದ ತತ್ತ್ವ ಬದಲಾಗಿಲ್ಲ. ಬದಲಾದುದು ಅದನ್ನು ನಡೆಸುವವನ ತಿಳಿವಳಿಕೆ. ಉಸಿರು ನಡೆದಿದೆಯೆಂದಾಗಲಿ ಮೈ ಮಿಸುಕದೆಂದಾಗಲಿ ನೋವಿಲ್ಲವೆಂದು ತೀರ್ಮಾನಿಸಲಾಗದು. ಹೇಳಿಕೊಳ್ಳಲು ಬಾಯಿಲ್ಲದ ರೋಗಿಯ ವಿಷಯದಲ್ಲಿ ಈ ವಿವೇಕವೇ ಶಾಸ್ತ್ರದ ಮೊದಲ ಕರ್ತವ್ಯ.