ಬೇಲಿಯೇ ಹೊಲ ಮೇಯ್ದ ಕಥೆ

ನಮ್ಮ ನಂಜನಗೂಡು ತಾಲ್ಲೂಕಿನ ಹೆಡತಲೆ ಅಂದ ಕೂಡಲೇ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಸ್ಥಾನ ನೆನಪಾಗುತ್ತೆ. ಆದರೆ ಹೆಡತಲೆ ಅನ್ನೋ ಪದದ ಅರ್ಥ ತಲೆಯ ಹಿಂಭಾಗ. ನಾನಿವತ್ತು ಹೇಳಹೊರಟಿರೋದು ಆ ತಲೆಯೊಳಗಿನ ಚರಿತ್ರೆ, ಎಚ್‌ಐವಿ ಮಿದುಳು ಹೊಕ್ಕ ಕಥೆ.

ಏಡ್ಸ್ ರೋಗಿಗಳಲ್ಲಿ ಕೆಲವರಿಗೆ ಮರೆವು, ಮಂಕು, ನಡಿಗೆಯಲ್ಲಿ ತಡವರಿಕೆ ಕಾಣುತ್ತಿತ್ತು. 1985ರಲ್ಲಿ ಅಮೆರಿಕದ ಸಂಶೋಧಕರಿಗೆ ಮಿದುಳಲ್ಲೇ ವೈರಸ್ ಸಿಕ್ಕಿತು. ಹಾಗಾದರೆ ಅದು ನರಕೋಶಗಳನ್ನೇ ತಿನ್ನುತ್ತಿರಬೇಕು ಅಂತೀರಾ? ಅಲ್ಲ. ಮರುವರ್ಷ ಅದು ಕಂಡದ್ದು ಮ್ಯಾಕ್ರೋಫೇಜ್‌ಗಳಲ್ಲಿ, ಅಂದರೆ ಕ್ರಿಮಿಗಳನ್ನು ನುಂಗಿ ಮಿದುಳು ಕಾಯುವ ಕೋಶಗಳಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ವೈರಸ್ ಬಿಳಿ ರಕ್ತಕಣಗಳ ಬೆನ್ನೇರಿ ಮಿದುಳು ಸೇರುತ್ತೆ. ಮೊದಮೊದಲು ಅದಕ್ಕೆ ಒಗ್ಗೋದು ಟಿ ಕೋಶಗಳು. ಚಿಕಿತ್ಸೆಯಿಲ್ಲದೆ ವರ್ಷಗಳು ಉರುಳಿದರೆ, ಕೆಲವರಲ್ಲಿ ರೂಪ ಬದಲಿಸಿ ಮ್ಯಾಕ್ರೋಫೇಜ್, ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಲ್ಲಿ ಚೆನ್ನಾಗಿ ನೆಲೆಯೂರುತ್ತೆ. ಸೋಂಕು ತಗುಲಿದ ಈ ಕೋಶಗಳು ಹೊರಹಾಕುವ ವಿಷದಿಂದ ಪಕ್ಕದ ನರಕೋಶಗಳು ಸಾಯುತ್ತವೆ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ನಿಮ್ಹಾನ್ಸ್ ವೈದ್ಯರು 1989ರಿಂದ 1996ರವರೆಗೆ ನೋಡಿದ ರೋಗಿಗಳ ಮಿದುಳನ್ನು ಹೆಚ್ಚಾಗಿ ಕಾಡಿದ್ದು ಕ್ಷಯ ಮತ್ತು ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ. ಏಡ್ಸ್ ಮರೆವು ಅಪರೂಪ. ಅದೇ ಸಂಸ್ಥೆಯಲ್ಲಿ 1995ರಲ್ಲಿ ಡಾ. ಎಸ್.ಕೆ. ಶಂಕರ್ ಮಿದುಳು ಬ್ಯಾಂಕ್ ಕಟ್ಟಿದರು. ದುಃಖದಲ್ಲಿದ್ದ ಕುಟುಂಬಗಳು ಒಪ್ಪಿಕೊಟ್ಟ ಮಿದುಳುಗಳೇ ಅಲ್ಲಿನ ಪಾಠಪುಸ್ತಕ.

ಮರೆವು ಯಾಕೆ ಕಮ್ಮಿ? ನಮ್ಮಲ್ಲಿರೋದು ಬಹುಪಾಲು ಸಿ ಉಪಬಗೆಯ ವೈರಸ್. ಅದರ ಟ್ಯಾಟ್ ಪ್ರೋಟೀನಿನ 31ನೇ ಜಾಗದಲ್ಲಿ ಸಿಸ್ಟೀನ್ ಬದಲು ಸೆರೀನ್ ಇರುತ್ತೆ, ಹಾಗಾಗಿ ರಕ್ತದ ಮಾನೋಸೈಟ್ ಕಣಗಳನ್ನು ತನ್ನತ್ತ ಸೆಳೆಯುವ ಶಕ್ತಿ ಕುಂದಿರುತ್ತೆ ಎಂದು 2004ರಲ್ಲಿ ಬೆಂಗಳೂರಿನ ಉದಯಕುಮಾರ್ ರಂಗ ಮತ್ತು ಸಂಗಡಿಗರು ತೋರಿಸಿದರು. ‘ನಮ್ಮ ವೈರಸ್ ಸಾಧು’ ಅಂತ ನೆಮ್ಮದಿ ಪಡೋ ಹಾಗಿರಲಿಲ್ಲ. 2007ರಲ್ಲಿ ನಿಮ್ಹಾನ್ಸ್‌ನವರೇ ಔಷಧಿ ಶುರುಮಾಡದ ಸೋಂಕಿತರ ನೆನಪು, ಗಮನ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸಣ್ಣಪುಟ್ಟ ಕೊರತೆ ಸಿಕ್ಕಿತು.

2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ ಮಾತ್ರೆ ಉಚಿತವಾಗಿ ಕೊಡುತ್ತಿದೆ. ಮಾತ್ರೆ ವೈರಸ್ಸನ್ನು ಹತ್ತಿಕ್ಕುತ್ತೆ. ಆದರೆ ಮೈಕ್ರೋಗ್ಲಿಯಾ ವರ್ಷಗಟ್ಟಲೆ ಬದುಕುವ ಕೋಶ, ಅದರೊಳಗೆ ವೈರಸ್ ಅಡಗಿ ಕೂರಬಲ್ಲದು. ಅದಕ್ಕೇ ಮಾತ್ರೆ ನಿಲ್ಲಿಸಬಾರದು. ಮನೆಯಲ್ಲಿ ಯಾರಾದರೂ ಮಾತ್ರೆ ಮರೆತರೆ ‘ಜವಾಬ್ದಾರಿಯಿಲ್ಲ’ ಅಂತ ಗದರುವ ಮುನ್ನ ಒಂದು ಕ್ಷಣ ತಡೆಯಿರಿ. ಆ ಮರೆವೂ ಕಾಯಿಲೆಯ ಭಾಗವಾಗಿರಬಹುದು. ಹೊತ್ತಿಗೆ ಸರಿಯಾಗಿ ನೀವೇ ನೆನಪಿಸಿ, ವೈದ್ಯರಿಗೂ ತಿಳಿಸಿ.